ಮ್ಯಾಮೊಗ್ರಾಮ್ ಆದ ಮೇಲೆ ‘ಇನ್ನೊಂದ್ಸಲ ಬನ್ನಿ’ ಅಂತ ಫೋನ್ ಬಂದಾಗ

‘ಮೇಡಂ, ಸ್ಕ್ಯಾನಿಂಗ್ ಸೆಂಟರಿಂದ ಮಾತಾಡ್ತಿರೋದು. ನಿಮ್ಮ ಮ್ಯಾಮೊಗ್ರಾಮ್‌ಗೆ ಇನ್ನೊಂದೆರಡು ವ್ಯೂ ಬೇಕಂತೆ. ನಾಳೆ ನಾಡಿದ್ದರಲ್ಲಿ ಬರೋಕಾಗುತ್ತಾ?’

ಮಾತು ಇಷ್ಟೇ. ಫೋನ್ ಮಾಡಿದ ಹುಡುಗಿಗೆ ಅದು ದಿನದ ಹತ್ತಾರು ಕಾಲ್‌ಗಳಲ್ಲಿ ಒಂದು. ನಿಮಗೆ ಮಾತ್ರ ‘ಇನ್ನೊಂದೆರಡು’ ಅಂದ ಮೇಲೆ ಏನೂ ಕೇಳಿಸಿರುವುದಿಲ್ಲ. ಕೈ ತಣ್ಣಗಾಗುತ್ತದೆ, ಹೊಟ್ಟೆ ತೊಳಸುತ್ತದೆ. ಮನಸ್ಸು ಮಕ್ಕಳ ಓದು, ಮದುವೆ ಎಲ್ಲ ಸುತ್ತಿ ಬಂದಿರುತ್ತದೆ.

ಈ ಫೋನ್‌ಗೂ ಕೊನೆಯ ರಿಪೋರ್ಟ್‌ಗೂ ನಡುವಿನ ದಿನಗಳನ್ನು ಹೇಗೆ ಕಳೆಯಬೇಕು ಅನ್ನುವುದಕ್ಕೆ ಈ ಬರಹ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ತೊಂದರೆಯೂ ಇಲ್ಲದೆ, ಚೆಕಪ್ ಅಂತ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿಕೊಂಡವರಿಗೆ. ಕೈಗೆ ಗಂಟು ಸಿಗ್ತಿದೆ, ಮೊಲೆತೊಟ್ಟಿನಿಂದ ರಕ್ತ ಬರ್ತಿದೆ, ಚರ್ಮ ಒಳಕ್ಕೆ ಎಳೆದುಕೊಂಡಿದೆ ಅಂತ ಹೋಗಿದ್ದರೆ ಕೆಳಗಿನ ಅಂಕಿಗಳು ನಿಮಗೆ ಹೊಂದುವುದಿಲ್ಲ. ನೀವು ತಡಮಾಡದೆ ಡಾಕ್ಟರನ್ನು ನೋಡಿ.

ಫೋನಲ್ಲೇ ಕೇಳಿಕೊಳ್ಳಿ

ಗಾಬರಿಯಲ್ಲಿ ‘ಸರಿ, ಬರ್ತೀನಿ’ ಅಂದು ಫೋನ್ ಇಟ್ಟುಬಿಡುತ್ತೇವೆ. ಆಮೇಲೆ ರಾತ್ರಿಯಿಡೀ ಪ್ರಶ್ನೆಗಳು. ಹಾಗೇನಾದರೂ ಆಗಿದ್ದರೆ ನಾಚಿಕೆ ಬೇಡ. ನೀರು ಕುಡಿದು, ಪೆನ್ನು ಕಾಗದ ಹಿಡಿದುಕೊಂಡು ತಿರುಗಿ ಫೋನ್ ಮಾಡಿ.

ಯಾವ ಕಡೆಯ ಸ್ತನ, ಎಡವೋ ಬಲವೋ, ಎರಡೂನೋ? ಈಗ ಮಾಡುವುದು ಏನು, ಮ್ಯಾಮೊಗ್ರಾಮ್‌ನದೇ ಇನ್ನಷ್ಟು ಫೋಟೊನಾ, ಅಲ್ಟ್ರಾಸೌಂಡಾ? ರಿಪೋರ್ಟ್ ಬರೆದಾಗಿದ್ದರೆ ವಾಟ್ಸಾಪ್ ಮಾಡ್ತೀರಾ? ದುಡ್ಡು ಬೇರೆ ಕೊಡಬೇಕಾ, ಪ್ಯಾಕೇಜಲ್ಲೇ ಬರುತ್ತಾ? ಕೊನೆಯದಾಗಿ, ನಾನು ಬರುವ ಹೊತ್ತಿಗೆ ರೇಡಿಯಾಲಜಿಸ್ಟ್, ಅಂದರೆ ಫೋಟೊ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ಅಲ್ಲೇ ಇರ್ತಾರಾ?

ಈ ಕೊನೆಯ ಪ್ರಶ್ನೆಗೆ ಉಳಿದೆಲ್ಲಕ್ಕಿಂತ ಬೆಲೆ ಜಾಸ್ತಿ. ಎಷ್ಟೋ ಸೆಂಟರ್‌ಗಳಲ್ಲಿ ಫೋಟೊ ತೆಗೆಯುವುದು ಟೆಕ್ನಿಷಿಯನ್, ಡಾಕ್ಟರ್ ಬರುವುದು ದಿನದ ಯಾವುದೋ ಎರಡು ಗಂಟೆ. ಸಣ್ಣ ಊರಾದರೆ ಫೋಟೊ ಬೇರೆ ಊರಿಗೆ ಹೋಗಿ ಅಲ್ಲಿಂದ ರಿಪೋರ್ಟ್ ಬರುವುದೂ ಉಂಟು. ಡಾಕ್ಟರ್ ಎದುರಿಗೇ ಇರುವ ಹೊತ್ತು ನೋಡಿ ಹೋದರೆ ಅವತ್ತೇ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಒಂದು ದಿನ ತಡವಾದರೂ ಪರವಾಗಿಲ್ಲ ಅಂತಲೇ ನಾನು ಹೇಳುವುದು.

‘ಏನಾದ್ರೂ ಸೀರಿಯಸ್ಸಾ?’ ಅಂತ ಮಾತ್ರ ರಿಸೆಪ್ಶನ್‌ನವರನ್ನು ಕೇಳಬೇಡಿ. ಅವರಿಗೆ ಗೊತ್ತಿರುವುದಿಲ್ಲ. ‘ಡಾಕ್ಟರ್ ಹೇಳ್ತಾರೆ ಮೇಡಂ’ ಅನ್ನುತ್ತಾರೆ. ಅವರ ದನಿ ಹೇಗಿತ್ತು, ಯಾಕೆ ಒಂದು ಕ್ಷಣ ತಡೆದು ಹೇಳಿದರು ಅಂತ ನೀವು ಬೆಳಗಿನ ತನಕ ಲೆಕ್ಕ ಹಾಕುತ್ತೀರಿ.

ಯಾಕೆ ಕರೆಯುತ್ತಾರೆ

ಚೆಕಪ್ ಮ್ಯಾಮೊಗ್ರಾಮ್‌ನಲ್ಲಿ ಸಾಮಾನ್ಯವಾಗಿ 4 ಫೋಟೊ. ಒಂದೊಂದು ಸ್ತನಕ್ಕೂ ಮೇಲಿನಿಂದ ಒಂದು, ಓರೆಯಿಂದ ಒಂದು. ಫೋಟೊದಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿಗಳಿರುವ ಭಾಗ ಬೆಳ್ಳಗೆ. ತೊಂದರೆ ಏನಂದರೆ ಗಡ್ಡೆ ಇದ್ದರೆ ಅದೂ ಬೆಳ್ಳಗೇ ಕಾಣುತ್ತದೆ. ಸಹಜ ಗ್ರಂಥಿಯೇ ಒಂದರ ಮೇಲೊಂದು ಮಡಿಚಿಕೊಂಡರೂ ಅಲ್ಲಿ ಏನೋ ಇದೆ ಅನ್ನುವ ಹಾಗೆ ತೋರುತ್ತದೆ. ಅದನ್ನು ಬಿಡಿಸಿ ನೋಡಬೇಕು, ಅದಕ್ಕೇ ಕರೆಯುವುದು. ವಯಸ್ಸು ಕಡಿಮೆ ಇದ್ದಷ್ಟೂ ಗ್ರಂಥಿ ದಟ್ಟ, ಬಿಳಿ ಜಾಸ್ತಿ. ನಲವತ್ತರ ಆಸುಪಾಸಿನವರಿಗೆ ಈ ಫೋನ್ ಹೆಚ್ಚು ಬರುವುದಕ್ಕೆ ಇದೂ ಕಾರಣ.

ಇನ್ನೂ ಕಾರಣಗಳಿವೆ. ಫೋಟೊ ತೆಗೆಯುವಾಗ ಸ್ವಲ್ಪ ಅಲುಗಾಡಿದರೆ ಮಸುಕಾಗುತ್ತದೆ. ನೀರುಗುಳ್ಳೆ ಇರಬಹುದು, ಕಂಕುಳ ಹತ್ತಿರ ಸಹಜವಾಗಿಯೇ ಇರುವ ಲಿಂಫ್ ಗಂಟು ಕಾಣಿಸಿರಬಹುದು. ಮೊದಲ ಸಲದ ಮ್ಯಾಮೊಗ್ರಾಮ್ ಆದರೆ ಹೋಲಿಸಿ ನೋಡಲು ಹಳೆಯದು ಇರುವುದೇ ಇಲ್ಲ. ಹಾಗಾಗಿ ಮೊದಲ ಸಲದವರನ್ನು ಕರೆಯುವುದು ಜಾಸ್ತಿ. ಕಂಕುಳಿಗೆ ಹಾಕಿದ ಪೌಡರೂ ಬಿಳಿ ಚುಕ್ಕಿಯಾಗಿ ಕಂಡು ಡಾಕ್ಟರನ್ನು ಗೊಂದಲಕ್ಕೆ ಹಾಕುವುದುಂಟು.

ಬಿಳಿ ಚುಕ್ಕಿ ಅಂದಾಗ ನೆನಪಾಯಿತು. ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಶನ್’ ಅಂತ ನೋಡಿದ ಕೂಡಲೇ ಕ್ಯಾಲ್ಸಿಯಂ ಮಾತ್ರೆ ಬಿಟ್ಟು, ಹಾಲು ಮೊಸರೂ ಬಿಡುವವರಿದ್ದಾರೆ. ಆ ಚುಕ್ಕಿಗೂ ನೀವು ತಿನ್ನುವ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ಮಾತ್ರೆ ನಿಲ್ಲಿಸಬೇಡಿ.

ಈಗ ಅಂಕಿಗೆ ಬರೋಣ. ಅಮೆರಿಕದಲ್ಲಿ 100 ಜನ ಚೆಕಪ್ ಮ್ಯಾಮೊಗ್ರಾಮ್ ಮಾಡಿಸಿಕೊಂಡರೆ ಸುಮಾರು 10 ಜನರನ್ನು ಮತ್ತೆ ಕರೆಯುತ್ತಾರೆ. ಹಾಗೆ ಕರೆದ 10 ಜನರಲ್ಲಿ ಕ್ಯಾನ್ಸರ್ ಸಿಗುವುದು ಒಬ್ಬರಿಗಿಂತಲೂ ಕಡಿಮೆ. ಬ್ರಿಟನ್ನಿನ ಸರ್ಕಾರಿ ಕಾರ್ಯಕ್ರಮದಲ್ಲಿ ಕರೆಯುವುದೇ 100ಕ್ಕೆ ಸುಮಾರು 4 ಜನರನ್ನು. ಅಲ್ಲಿ ಕರೆದ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ, ಮೂವರಿಗೆ ಇರುವುದಿಲ್ಲ. ಸಣ್ಣ ಅನುಮಾನಕ್ಕೂ ಕರೆಯುವವರು, ಅನುಮಾನ ಗಟ್ಟಿಯಾದರೆ ಮಾತ್ರ ಕರೆಯುವವರು ಅಂತ ವ್ಯತ್ಯಾಸವಿದೆ. ಎರಡೂ ಕಡೆ ಹೆಚ್ಚಿನವರು ಏನೂ ಇಲ್ಲ ಅನ್ನಿಸಿಕೊಂಡು ಮನೆಗೆ ಹೋಗುತ್ತಾರೆ.

ನಮ್ಮಲ್ಲಿ ಇದು ಇಷ್ಟು ಹೆದರಿಸುವುದಕ್ಕೆ ಒಂದು ಕಾರಣ ನನಗೆ ಕಾಣುತ್ತದೆ. ಅಮೆರಿಕದಲ್ಲಿ ಪ್ರತಿ ವರ್ಷ ಮ್ಯಾಮೊಗ್ರಾಮ್ ಮಾಡಿಸಿಕೊಳ್ಳುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 10 ವರ್ಷದೊಳಗೆ ಒಮ್ಮೆಯಾದರೂ ಇಂಥ ಸುಳ್ಳು ಗಾಬರಿಯ ಫೋನ್ ಬರುತ್ತದೆ. ಅಲ್ಲಿ ಪಕ್ಕದ ಮನೆಯವಳು ‘ಅಯ್ಯೋ, ನಂಗೂ ಬಂದಿತ್ತು, ಏನೂ ಇರ್ಲಿಲ್ಲ’ ಅಂದಾಳು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಇರುವುದು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ಮ್ಯಾಮೊಗ್ರಾಮ್ ಅಂದರೆ ಕಂಪನಿ ಚೆಕಪ್, ಆಸ್ಪತ್ರೆ ಪ್ಯಾಕೇಜ್, ಸ್ತನ ಕ್ಯಾನ್ಸರ್ ಜಾಗೃತಿಯ ಅಕ್ಟೋಬರ್ ತಿಂಗಳ ರಿಯಾಯಿತಿ. ಫೋನ್ ಬಂದು ಏನೂ ಇಲ್ಲ ಅಂತಾದವರು ನಮಗೆ ಸಿಗುವುದೇ ಇಲ್ಲ, ಸಿಕ್ಕರೂ ಬಾಯಿ ಬಿಡುವುದಿಲ್ಲ. ಕಿವಿಗೆ ಬೀಳುವುದು ಕ್ಯಾನ್ಸರ್ ಆದವರ ಕಥೆ ಮಾತ್ರ.

ರಿಪೋರ್ಟ್ ಕೈಗೆ ಬಂದರೆ

ವಾಟ್ಸಾಪಿಗೆ ಪಿಡಿಎಫ್ ಬಂತು ಅಂದುಕೊಳ್ಳಿ. ಕೆಳಗೆ ‘ಬೈ-ರ್ಯಾಡ್ಸ್’ ಅಂತ ಒಂದು ಅಂಕಿ ಇರುತ್ತದೆ. ಜಗತ್ತಿನ ಎಷ್ಟೋ ದೇಶಗಳ ರೇಡಿಯಾಲಜಿಸ್ಟ್‌ಗಳು ಬಳಸುವ ಅಳತೆ ಅದು. ಮತ್ತೆ ಬನ್ನಿ ಅಂದವರಿಗೆ ಹೆಚ್ಚಾಗಿ ಇರುವುದು 0. ಅಂದರೆ ನೋಡಿದ್ದು ಪೂರ್ತಿಯಾಗಿಲ್ಲ, ಇನ್ನೂ ಫೋಟೊ ಬೇಕು ಅಥವಾ ಹಳೆಯದರ ಜೊತೆ ಹೋಲಿಸಬೇಕು. 1 ಅಂದರೆ ಏನೂ ಇಲ್ಲ. 2 ಅಂದರೆ ನೀರುಗುಳ್ಳೆಯಂಥದ್ದು ಏನೋ ಇದೆ, ಆದರೆ ಕ್ಯಾನ್ಸರ್ ಅಲ್ಲ. 3 ಅಂದರೆ ಬಹುಶಃ ಏನೂ ಅಲ್ಲ, ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, 6 ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಅಂದರೆ ಸೂಜಿ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಇದರ ಹರವು ದೊಡ್ಡದು, 4ಎ ಅಂತ ಇದ್ದರೆ ಸಾಧ್ಯತೆ ಶೇ. 2ರಿಂದ 10ರಷ್ಟು, 4ಸಿ ಆದರೆ ಶೇ. 50 ದಾಟುತ್ತದೆ. 5 ಅಂದರೆ ಅನುಮಾನ ಬಲವಾಗಿದೆ.

ಎರಡು ಎಡವಟ್ಟು ತುಂಬಾ ಜನರಿಗೆ ಆಗುತ್ತದೆ. 4 ಅಂತ ಕಂಡ ಕೂಡಲೇ ‘ನಾಲ್ಕನೇ ಸ್ಟೇಜ್’ ಅಂದುಕೊಳ್ಳುವುದು ಒಂದು. ಸ್ಟೇಜಿಗೂ ಈ ಅಂಕಿಗೂ ಏನೇನೂ ಸಂಬಂಧವಿಲ್ಲ. ಇನ್ನೊಂದು, 4ಸಿ ಥರ ಅಂಕಿಯ ಜೊತೆಗಲ್ಲದೆ ‘ಡೆನ್ಸಿಟಿ’ ಅಂತ ಬೇರೆಯಾಗಿ ಬರೆದ ಸಿ ಅಥವಾ ಡಿ ಅನ್ನುವ ಅಕ್ಷರವನ್ನು ಪರೀಕ್ಷೆಯ ಗ್ರೇಡ್ ಹಾಗೆ ಓದುವುದು. ಅದು ಗ್ರಂಥಿಯ ದಟ್ಟತೆ ಎಷ್ಟು ಅನ್ನುವುದರ ಗುರುತು. ಮ್ಯಾಮೊಗ್ರಾಮ್ ಮಾಡಿಸುವ ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ಸಿ ಅಥವಾ ಡಿ ಇರುತ್ತದೆ.

ಉಳಿದ ಸಾಲುಗಳನ್ನು ಒಂದೊಂದಾಗಿ ಗೂಗಲ್‌ನಲ್ಲಿ ಹಾಕುವ ಚಟಕ್ಕೆ ಹೋಗಬೇಡಿ. ಅರ್ಥವಾಗದ್ದಕ್ಕೆ ಅಡಿಗೆರೆ ಎಳೆದು ಡಾಕ್ಟರಿಗೆ ತೋರಿಸಿ.

ಕಾಯುವ ದಿನಗಳು

ಹಗಲು ಹೇಗೋ ಹೋಗುತ್ತದೆ. ಕಷ್ಟ ಬರುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ. ಫ್ಯಾನ್ ತಿರುಗುವುದನ್ನೇ ನೋಡುತ್ತಾ ಮಲಗಿರುತ್ತೀರಿ. ಕೈ ತಾನಾಗಿ ನೈಟಿಯೊಳಗೆ ಹೋಗಿ ಆ ಜಾಗವನ್ನು ಹುಡುಕುತ್ತದೆ. ಒತ್ತಿ ನೋಡುತ್ತೀರಿ, ಏನೋ ಸಿಕ್ಕ ಹಾಗಾಗುತ್ತದೆ. ಮತ್ತೆ ಒತ್ತುತ್ತೀರಿ. ಬೆಳಿಗ್ಗೆ ಅಲ್ಲಿ ನೋವು. ‘ನಿನ್ನೆ ತನಕ ನೋವಿರಲಿಲ್ಲ, ಈಗ ಶುರುವಾಯ್ತು’ ಅನ್ನುವ ಹೊಸ ಹೆದರಿಕೆ. ಆ ನೋವು ನೀವೇ ಒತ್ತಿ ಬರಿಸಿಕೊಂಡಿದ್ದು. ಸಹಜ ಗ್ರಂಥಿಯೂ ಬೆರಳಿಗೆ ಗಂಟುಗಂಟಾಗಿಯೇ ಸಿಗುತ್ತದೆ, ಮುಟ್ಟಿನ ಮುಂಚಿನ ವಾರದಲ್ಲಂತೂ ಇನ್ನೂ ಜಾಸ್ತಿ. ಆದ್ದರಿಂದ ಪರೀಕ್ಷೆಯ ದಿನದವರೆಗೆ ಕೈ ಅಲ್ಲಿಗೆ ಹೋಗದಿರಲಿ.

ನಿದ್ದೆ ಬರದಿದ್ದರೆ ಉಸಿರಿನ ಕಡೆ ಗಮನ ಕೊಡಿ. 4 ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, 6 ಎಣಿಸುವಷ್ಟು ಹೊತ್ತು ನಿಧಾನ ಹೊರಗೆ. ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಐದು ನಿಮಿಷ ಮಾಡಿ. ಆಗಲೂ ಬರದಿದ್ದರೆ ಹೊರಳಾಡುತ್ತಾ ಮಲಗಿರುವುದು ಬೇಡ. ಎದ್ದು ಇನ್ನೊಂದು ಕೋಣೆಯಲ್ಲಿ ಕೂತು ಬಟ್ಟೆ ಮಡಿಸಿ, ನಾಳೆಯ ಹುರುಳಿಕಾಯಿ ನಾರು ತೆಗೆಯಿರಿ, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಮನೆಯಲ್ಲಿ ಯಾರದೋ ನಿದ್ದೆ ಮಾತ್ರೆ ಇದೆ ಅಂತ ನುಂಗಬೇಡಿ.

ಯೋಚನೆ ಬಿಡು ಅಂದರೆ ಬಿಡುವುದಿಲ್ಲ, ಅದಕ್ಕೆ ಒಂದು ಹೊತ್ತು ಗೊತ್ತುಮಾಡಿ. ಸಂಜೆ ಕಾಫಿ ಆದ ಮೇಲೆ 20 ನಿಮಿಷ ಕೂತು ತಲೆಯಲ್ಲಿರುವುದೆಲ್ಲ ಬರೆಯಿರಿ. ‘ಸರ್ಜರಿ ಆದ್ರೆ ಅಡುಗೆ ಯಾರು ಮಾಡ್ತಾರೆ’ ಅನ್ನುವುದರಿಂದ ‘ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ’ ಅನ್ನುವ ತನಕ. ಬರೆದಾದ ಮೇಲೆ ನೋಡಿ. ಅರ್ಧಕ್ಕರ್ಧ ಈಗ ಉತ್ತರವೇ ಇಲ್ಲದ ಪ್ರಶ್ನೆಗಳು. ಒಂದೆರಡು ಮಾತ್ರ ಇವತ್ತೇ ಮಾಡಬಹುದಾದ ಕೆಲಸ, ಅದನ್ನು ಮಾಡಿ. ಕಾರ್ಡ್ ಹುಡುಕಿ ಇಡಿ. ಉಳಿದ ಹೊತ್ತಿನಲ್ಲಿ ಯೋಚನೆ ಬಂದರೆ ಸಂಜೆಗೆ ನೋಡೋಣ ಅಂದುಕೊಳ್ಳಿ. ಮೊದಲ ದಿನ ಹಾಸ್ಯಾಸ್ಪದ ಅನ್ನಿಸುತ್ತದೆ. ಎರಡನೇ ದಿನದಿಂದ ಸ್ವಲ್ಪ ಕೆಲಸ ಮಾಡುತ್ತದೆ.

ಹಿತೈಷಿಗಳು ಹೇಳುವ ಅಡ್ಡದಾರಿಗಳೂ ಈ ದಿನಗಳಲ್ಲೇ ಬರುವುದು. ‘ಬ್ಲಡ್ ಟೆಸ್ಟಲ್ಲೇ ಗೊತ್ತಾಗುತ್ತೆ, ಮಾಡಿಸಿಬಿಡಿ’ ಅನ್ನುತ್ತಾರೆ. ರಕ್ತದಲ್ಲಿ ಕ್ಯಾನ್ಸರ್ ಗುರುತು ಹುಡುಕುವ ‘ಟ್ಯೂಮರ್ ಮಾರ್ಕರ್’ ಟೆಸ್ಟ್‌ಗಳಿಂದ ಸ್ತನ ಕ್ಯಾನ್ಸರ್ ಇದೆ ಇಲ್ಲ ಅಂತ ಹೇಳಲಾಗದು. ಬೇರೆ ಕಾರಣಕ್ಕೆ ಸ್ವಲ್ಪ ಏರಿದ್ದರೂ ಗಾಬರಿ ದುಪ್ಪಟ್ಟಾಗುತ್ತದೆ. ಮೈ ಬಿಸಿ ಅಳೆಯುವ ಫೋಟೊ ಪರೀಕ್ಷೆಯೂ ಅಷ್ಟೆ, ಮ್ಯಾಮೊಗ್ರಾಮ್ ಅರ್ಧಕ್ಕೆ ನಿಂತಿದ್ದರೆ ಅದನ್ನು ಪೂರ್ತಿ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಊರ ದೇವಿಗೆ ಹರಕೆ ಹೊತ್ತರೆ ಮನಸ್ಸಿಗೆ ಹಗುರ ಅನ್ನುವುದಾದರೆ ಖಂಡಿತ ಹೊತ್ತುಕೊಳ್ಳಿ. ‘ಅಮಾವಾಸ್ಯೆ ಕಳೀಲಿ’, ‘ಆಷಾಢ ಮುಗೀಲಿ’, ‘ಮಗಳ ಪರೀಕ್ಷೆ ಆಗ್ಲಿ’ ಅಂತ ಮುಂದೂಡುವುದು ಬೇಡ. ನಾಲ್ಕು ದಿನ ಆಚೀಚೆ ಆದರೆ ಏನೂ ಆಗುವುದಿಲ್ಲ. ಒಂದೆರಡು ವಾರದೊಳಗೆ ಮುಗಿಸಿ. ಹೆದರಿಕೆಗಿಂತ ನನಗೆ ಚಿಂತೆ ಇರುವುದು ಹೆದರಿ ಹೋಗದೇ ಉಳಿಯುವವರ ಬಗ್ಗೆ. ‘ಗೊತ್ತಾಗದಿದ್ರೇ ವಾಸಿ’ ಅಂತ ಫೋನ್ ನಂಬರನ್ನೇ ಬ್ಲಾಕ್ ಮಾಡಿದವರೂ ಇದ್ದಾರೆ.

ಊಟ ಸೇರದೆ, ನಿದ್ದೆ ಇಲ್ಲದೆ, ಎದೆ ಹಿಡಿದುಕೊಂಡ ಹಾಗಾಗಿ ಕೈಕಾಲು ನಡುಗುವ ಮಟ್ಟಕ್ಕೆ ಹೋದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಯಾರಿಗೆ ಹೇಳುವುದು

ಒಬ್ಬರಿಗೆ ಹೇಳಿ. ಆಸ್ಪತ್ರೆಗೆ ಜೊತೆಗೆ ಬರಬಲ್ಲ, ಅಲ್ಲಿ ಸುಮ್ಮನೆ ಕೂರಬಲ್ಲ ಒಬ್ಬರಿಗೆ. ಗಂಡ ಇರಬಹುದು, ಅಕ್ಕ ಇರಬಹುದು, ಆಫೀಸಿನ ಗೆಳತಿ ಇರಬಹುದು. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಯಾರದೋ ಚಿಕ್ಕಮ್ಮನ ನಾದಿನಿಗೆ ಏನಾಯಿತು ಅನ್ನುವ ಕಥೆ, ಗೋಧಿಹುಲ್ಲಿನ ರಸದ ವಿಡಿಯೊ ಎಲ್ಲ ಬರುತ್ತವೆ. ಅತ್ತೆಗೋ ಅಮ್ಮನಿಗೋ ರಿಪೋರ್ಟ್ ಬಂದ ಮೇಲೆ ಹೇಳಿದರೆ ಮುಚ್ಚಿಟ್ಟ ಹಾಗೇನಲ್ಲ.

ಹೇಳುವಾಗ ನಿಮಗೆ ಏನು ಬೇಕೋ ಅದನ್ನೂ ಸೇರಿಸಿ ಹೇಳಿ. ‘ರೀ, ಮ್ಯಾಮೊಗ್ರಾಮ್‌ಗೆ ಇನ್ನೊಂದೆರಡು ಫೋಟೊ ಬೇಕಂತೆ, ಶುಕ್ರವಾರ ಹತ್ತೂವರೆಗೆ. ಹೆಚ್ಚಿನವರಿಗೆ ಏನೂ ಇರಲ್ಲವಂತೆ. ಆದ್ರೂ ನಂಗೆ ಭಯ ಆಗ್ತಿದೆ. ನೀವು ಅರ್ಧ ದಿನ ರಜಾ ಹಾಕಿ ಬನ್ನಿ.’ ಗಂಡಸರಿಗೆ ಇಷ್ಟು ಬಿಡಿಸಿ ಹೇಳಿದರೆ ಅನುಕೂಲ. ಇಲ್ಲದಿದ್ದರೆ ‘ಏನೂ ಆಗಲ್ಲ ಬಿಡು’ ಅಂದು ಟಿವಿ ಕಡೆ ತಿರುಗುತ್ತಾರೆ. ಅವರಿಗೂ ಭಯವೇ, ಅದಕ್ಕೇ ಹಾಗೆ. ಜೊತೆಗೆ ಹೋಗುವವರು ಈ ಬರಹ ಓದುತ್ತಿದ್ದರೆ ನಿಮಗೊಂದು ಮಾತು: ‘ಏನೂ ಆಗಲ್ಲ’ ಅನ್ನುವ ಬದಲು ‘ನಾನು ಬರ್ತೀನಿ’ ಅನ್ನಿ, ಹೇಳಿದ ಹೊತ್ತಿಗೆ ಗಾಡಿ ತೆಗೆಯಿರಿ.

ಆ ದಿನ

ಹಳೆಯ ಮ್ಯಾಮೊಗ್ರಾಮ್ ಎಲ್ಲಿ ಮಾಡಿಸಿದ್ದರೂ ಫಿಲ್ಮ್, ಸೀಡಿ, ರಿಪೋರ್ಟ್ ತೆಗೆದುಕೊಂಡು ಹೋಗಿ. ಬರಿ ರಿಪೋರ್ಟ್ ಸಾಲದು, ಅವರಿಗೆ ಬೇಕಾದ್ದು ಫೋಟೊ. ಎಷ್ಟೋ ಸಲ ಹಳೆಯದರಲ್ಲೂ ಅದೇ ಜಾಗದಲ್ಲಿ ಅದೇ ಬಿಳಿ ಕಂಡು ವಿಷಯ ಅಲ್ಲಿಗೇ ಮುಗಿಯುತ್ತದೆ. ಸ್ನಾನ ಮಾಡಿ, ಪೌಡರ್, ಡಿಯೊಡರೆಂಟ್, ಕ್ರೀಮ್ ಏನೂ ಹಚ್ಚಬೇಡಿ. ಚೂಡಿದಾರವಾದರೆ ಟಾಪ್ ಒಂದನ್ನು ತೆಗೆದರೆ ಸಾಕು, ಸುಲಭ. ಸರ ತೆಗೆಯಿರಿ ಅನ್ನುತ್ತಾರೆ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಮೊದಲೇ ಹೇಳಿ, ಬೆನ್ನ ಹಿಂದೆ ಸರಿಸಿ ಅಡ್ಡ ಬರದ ಹಾಗೆ ಮಾಡಬಹುದಾ ಕೇಳಿ.

ಒಳಗೆ ಎಸಿ ತಣ್ಣಗಿರುತ್ತದೆ. ಈ ಸಲ ಒತ್ತುವ ಪ್ಲೇಟ್ ಚಿಕ್ಕದಿರಬಹುದು, ಅನುಮಾನ ಇರುವ ಜಾಗವನ್ನಷ್ಟೇ ಒತ್ತುತ್ತದೆ. ಟೆಕ್ನಿಷಿಯನ್ ನಿಮ್ಮ ಗಲ್ಲ ಆ ಕಡೆ ತಿರುಗಿಸಿ, ಭುಜ ಇಳಿಸಿ, ‘ಉಸಿರು ಹಿಡ್ಕೊಳಿ’ ಅನ್ನುತ್ತಾರೆ. ಕೆಲವು ಸೆಕೆಂಡು ನೋವಾಗುತ್ತದೆ, ಆಮೇಲೆ ಪ್ಲೇಟ್ ತಾನೇ ಮೇಲೇಳುತ್ತದೆ. ನಂತರ ಹೆಚ್ಚಾಗಿ ಅಲ್ಟ್ರಾಸೌಂಡ್. ಜೆಲ್ ಹಚ್ಚಿ ಕಂಕುಳ ತನಕ ನೋಡುತ್ತಾರೆ. ಡಾಕ್ಟರ್ ಒಂದೇ ಕಡೆ ನಾಲ್ಕೈದು ಸಲ ಉಜ್ಜಬಹುದು, ಮಾತೇ ಆಡದೆ ಗುಂಡಿ ಒತ್ತುತ್ತಿರಬಹುದು. ಅವರು ಅಳತೆ ತೆಗೆದುಕೊಳ್ಳುತ್ತಿರುತ್ತಾರೆ, ನೀರುಗುಳ್ಳೆಗೂ ಅಳತೆ ಬರೆಯಲೇಬೇಕು. ಅವರ ಹುಬ್ಬು ಓದಲು ಹೋಗಬೇಡಿ. ಮಹಿಳಾ ಸಿಬ್ಬಂದಿ ಜೊತೆಗಿರಲಿ ಅಂತ ಕೇಳಲು ಸಂಕೋಚ ಬೇಡ.

ಮುಗಿದ ಮೇಲೆ, ಬಟ್ಟೆ ಹಾಕಿಕೊಂಡು ಕೂತು ಕೇಳಿ: ‘ಡಾಕ್ಟರೇ, ಈಗ ಏನು ಕಾಣಿಸ್ತು? ಬೈ-ರ್ಯಾಡ್ಸ್ ಎಷ್ಟು ಕೊಡ್ತೀರಿ? ಮುಂದೆ ನಾನು ಏನು ಮಾಡಬೇಕು, ಯಾವಾಗ?’ ಉತ್ತರವನ್ನು ಜೊತೆಗೆ ಬಂದವರು ಬರೆದುಕೊಳ್ಳಲಿ. ನಿಮ್ಮ ತಲೆಗೆ ಆಗ ಅರ್ಧವೇ ಹೋಗುವುದು.

ಸೂಜಿ ಪರೀಕ್ಷೆ ಬೇಕು ಅಂದರೆ

ಕೆಲವರಿಗೆ ಬಯಾಪ್ಸಿ ಹೇಳುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಸ್ತನದ ಬಯಾಪ್ಸಿ ಆದ 5 ಜನರಲ್ಲಿ ಸುಮಾರು 4 ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ಸಣ್ಣ ಎಳೆಗಳನ್ನು ತೆಗೆಯುತ್ತಾರೆ. ಪ್ರತಿ ಸಲ ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅನ್ನುತ್ತದೆ, ಆ ಸದ್ದಿಗೆ ಬೆಚ್ಚಿ ಬೀಳಬೇಡಿ. ಅವತ್ತೇ ಮನೆಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

‘ಸೂಜಿ ಚುಚ್ಚಿದ್ರೆ ಹರಡುತ್ತೆ’ ಅನ್ನುವ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಓದಿದವರೂ ನಂಬುತ್ತಾರೆ. ಹೆದರಿ ಪರೀಕ್ಷೆ ಬಿಡಬೇಡಿ, ಜಗತ್ತಿನೆಲ್ಲೆಡೆ ರೋಗ ಗೊತ್ತುಮಾಡುವುದು ಇದರಿಂದಲೇ. ‘ಸೂಜಿ ಯಾಕೆ, ಗಂಟನ್ನೇ ತೆಗೆದುಬಿಡೋಣ’ ಅಂತ ಯಾರಾದರೂ ನೇರ ಆಪರೇಶನ್‌ಗೆ ಹೊರಟರೆ ಮಾತ್ರ ತಡೆಯಿರಿ, ಇನ್ನೊಬ್ಬ ಡಾಕ್ಟರನ್ನು ಕೇಳಿ. ಮೊದಲು ಏನು ಅಂತ ಗೊತ್ತಾಗಬೇಕು, ಕತ್ತರಿ ಆಮೇಲೆ. ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಯಾವ ದಿನ, ಯಾರಿಗೆ ಫೋನ್ ಮಾಡಬೇಕು ಅಂತ ಹೊರಡುವ ಮುಂಚೆ ಬರೆಸಿಕೊಳ್ಳಿ. ಉತ್ತರ ಕ್ಯಾನ್ಸರ್ ಅಂತಲೇ ಬಂದರೂ, ಏನೂ ತಿಳಿಯದ ಹೊತ್ತಿನಲ್ಲಿ ಚೆಕಪ್‌ನಲ್ಲೇ ಸಿಕ್ಕಿದ್ದು ಹೆಚ್ಚಾಗಿ ಸಣ್ಣದಿರುತ್ತದೆ, ಚಿಕಿತ್ಸೆ ಸುಲಭವಾಗುತ್ತದೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಎರಡನೇ ಅಭಿಪ್ರಾಯ ಪಡೆಯಬಹುದು.

ಏನೂ ಇಲ್ಲ ಅಂದ ಮೇಲೆ

ಹೆಚ್ಚಿನವರು ಬರುವುದು ಇಲ್ಲಿಗೇ. ಖುಷಿಯ ಜೊತೆ ಸಿಟ್ಟೂ ಬರಬಹುದು, ‘ಸುಮ್ನೆ ಹೆದರಿಸಿದ್ರಲ್ಲ’ ಅಂತ. ಕೆಲವರಿಗೆ ಆಮೇಲೂ ಎಷ್ಟೋ ವಾರ ಫೋನ್ ರಿಂಗಾದರೆ ಎದೆ ಝಲ್ ಅನ್ನುತ್ತದೆ, ಇದು ನಿಧಾನಕ್ಕೆ ಇಳಿಯುತ್ತದೆ. ಇಂಥ ಸುಳ್ಳು ಗಾಬರಿ ಆದವರಲ್ಲಿ ಕೆಲವರು ಮುಂದಿನ ಸಲದ ಮ್ಯಾಮೊಗ್ರಾಮ್‌ಗೆ ಹೋಗುವುದನ್ನೇ ಬಿಡುತ್ತಾರೆ. 6 ತಿಂಗಳಿಗೆ ಬನ್ನಿ ಅಂದಿದ್ದರೆ ಆ ದಿನಾಂಕವನ್ನು ಇವತ್ತೇ ಫೋನಿನಲ್ಲಿ ಹಾಕಿಡಿ, ಆ ದಿನ ಹತ್ತಿರ ಬಂದಾಗ ಮನಸ್ಸು ನೆಪ ಹುಡುಕುತ್ತದೆ. ಮುಂದಿನ ಸಲ ಮುಟ್ಟು ಮುಗಿದ ನಂತರದ ವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ಒತ್ತುವಾಗ ನೋವೂ ಕಡಿಮೆ.

ಸೀಡಿಯ ಕವರ್ ಮೇಲೆ ದಿನಾಂಕ ಬರೆದು ಫೈಲಿಗೆ ಹಾಕಿ. ಈಗ ಕೆಲವು ಕಡೆ ಸೀಡಿ ಬದಲು ಲಿಂಕ್ ಕಳಿಸುತ್ತಾರೆ. ಅದು ಎಷ್ಟು ದಿನ ತೆರೆಯುತ್ತದೆ ಅಂತ ಕೇಳಿ, ಫೋಟೊಗಳನ್ನು ಆ ವಾರವೇ ಇಳಿಸಿಟ್ಟುಕೊಳ್ಳಿ.